ಒಂದನ್ನೂ ಬಿಡದೆ ಓದು

ಕಟ್ಟೆಮಳಲವಾಡಿಯ ಕನಕರಾಜುವಿಗೆ ತಾನು ಜನರನ್ನು ನಗಿಸುವವನು ಎಂಬುದೊಂದನ್ನು ಬಿಟ್ಟರೆ ತನ್ನದು ಎಂದು ಹೇಳಿಕೊಳ್ಳಲು ಬೇರೇನೂ ಇರಲಿಲ್ಲ. ಜಮೀನು ಅಪ್ಪ ನಂಜಯ್ಯನ ಹೆಸರಲ್ಲಿತ್ತು. ಹೊಗೆಸೊಪ್ಪು ಬೇಯಿಸುವ ಬ್ಯಾರನ್ನೂ ಅಪ್ಪನೇ ಕಟ್ಟಿಸಿದ್ದು. ಮನೆಯ ಬೀಗದ ಕೈ ಅವ್ವ ಚಿಕ್ಕಬೀರಮ್ಮನ ಸೊಂಟದಲ್ಲಿತ್ತು. ಮೈ ಮುರಿದು ದುಡಿಯುವ ಕೆಲಸ ಹೆಂಡತಿ ರಾಣಿಯದು. ನಗಿಸುವ ಖಾತೆ ಮಾತ್ರ ಕನಕರಾಜುವಿನದು, ಅದನ್ನು ಅವನು ಮಂತ್ರಿಗಿರಿಯ ಹಾಗೆ ಅನುಭವಿಸುತ್ತಿದ್ದ. ಟೀ ಅಂಗಡಿಯ ಬೆಂಚಿನ ಮೇಲೆ ಅವನು ಕೂತನೆಂದರೆ ಎದ್ದು ಹೊರಟವರೂ ಮತ್ತೆ ಕೂರುತ್ತಿದ್ದರು.

ರಸ್ತೆ ಬದಿಯಲ್ಲಿ ಮೊಬೈಲ್ ಅಂಗಡಿ ಇಟ್ಟಿರುವ ಯತೀಶ್ ಒಂದು ದಿನ, ಬೆಂಚಿನ ಮೇಲೆ ಹೇಳುವುದನ್ನೇ ಫೋನಿನ ಮುಂದೆ ಹೇಳು ಕನಕಣ್ಣ ಎಂದು ತಲೆಗೆ ಹುಳ ಬಿಟ್ಟ. ಹಾಗೆ "ಕನಕನ ಕಾಮಿಡಿ" ಹುಟ್ಟಿತು. ಯತೀಶ್ ಹಿಡಿಯುವುದು, ಕನಕರಾಜು ಹೇಳುವುದು. ಹೇಳುವುದಕ್ಕೆ ಬಂಡವಾಳ ಏನು ಎಂದು ಕೇಳಿದರೆ ಹೆಂಡತಿ. ಹೆಂಡತಿ ತವರಿಗೆ ಹೋದ ದಿನ ಗಂಡಸಿಗೆ ಹಬ್ಬ, ಹೆಂಡತಿಯ ಬಾಯಿಗೆ ಬ್ರೇಕಿಲ್ಲ, ಹೆಂಡತಿಯ ತೂಕಕ್ಕೆ ಬೈಕಿನ ಟೈರು ಕೂತಿತು, ಇಂಥವು. ಇವನ್ನೆಲ್ಲ ಕೇಳದ ತಾಲ್ಲೂಕು ಕರ್ನಾಟಕದಲ್ಲಿ ಇಲ್ಲ, ಆದರೂ ಜನ ನಗುತ್ತಿದ್ದರು. ಅವನಿಗೆ ನಿಜವಾಗಿ ಹೆಸರು ತಂದದ್ದು ಎಮ್ಮೆಯ ವಿಡಿಯೊ. ಕೊಟ್ಟಿಗೆಯಲ್ಲಿ ಹುಲ್ಲು ಹಾಕುತ್ತಿದ್ದ ರಾಣಿಯನ್ನು ಅವಳಿಗೆ ಗೊತ್ತಾಗದಂತೆ ಹಿಡಿದು, "ನೋಡಿ ಸ್ವಾಮಿ, ಎಲ್ಡು ಎಮ್ಮೆ ಜೋಡಿ ನಿಂತವೆ. ಒಂದು ಹಾಲು ಕೊಡ್ತದೆ, ಒಂದು ಬೈಗುಳ ಕೊಡ್ತದೆ. ಯಾವ್ದು ಯಾವ್ದು ಅಂತ ನೀವೇ ಹೇಳಿ" ಎಂದಿದ್ದ. ರಾಣಿ ಕಪ್ಪಗೆ, ದುಂಡಗೆ ಇದ್ದಳು. ಆ ವಿಡಿಯೊ ಹುಣಸೂರು ದಾಟಿ, ಪಿರಿಯಾಪಟ್ಟಣ ದಾಟಿ, ಎಲ್ಲೆಲ್ಲೋ ಓಡಾಡಿತು.

ಪಿರಿಯಾಪಟ್ಟಣದಲ್ಲಿ ರಾಣಿಯ ತಮ್ಮನ ನಿಶ್ಚಿತಾರ್ಥ. ಅಲ್ಲಿ ಹೆಣ್ಣಿನ ಕಡೆಯ ಹುಡುಗಿಯರು ಅವಳನ್ನು ಕಂಡು, ಎಮ್ಮೆ ಅಕ್ಕ ಬಂದರು ಎಂದು ಪಿಸುಗುಟ್ಟಿ ಸೆಲ್ಫಿಗೆ ಬಂದು ನಿಂತರು. ಮನೆಗೆ ಬಂದ ರಾಣಿ ಅಂದು ರಾತ್ರಿ ಊಟಕ್ಕೆ ಬಡಿಸುತ್ತಾ, ಬಣ್ಣ ಮತ್ತು ಮೈ ಎರಡನ್ನು ಬಿಟ್ಟು ಬೇರೆ ಏನಾದರೂ ಹೇಳಿಕೊಳ್ಳಿ ಎಂದು ಗಂಡನಿಗೆ ಮೆಲ್ಲಗೆ ಅಂದಳು.

"ತಮಾಸೆ ಅಂದ್ರೆ ಏನು ಅಂತ ನಿಂಗೆ ಗೊತ್ತಾಗಕಿಲ್ಲ ಬುಡು" ಎಂದ ಕನಕರಾಜು.

ಚಿಕ್ಕಬೀರಮ್ಮ ಕೂಡ ಆಗ ನಕ್ಕಳು. ಮಗ ಹೇಳಿದ್ದಕ್ಕೆಲ್ಲ ನಗುವುದು ಆ ತಾಯಿಗೆ ಅಭ್ಯಾಸವಾಗಿಬಿಟ್ಟಿತ್ತು. ರಾಣಿ ಮುದ್ದೆಯ ಪಾತ್ರೆ ಎತ್ತಿಕೊಂಡು ಒಳಗೆ ಹೋದಳು.

ಆಷಾಢ ಕಳೆಯುವ ಹೊತ್ತಿಗೆ ಹೊಲದಲ್ಲಿ ಸೊಪ್ಪು ಹಣ್ಣಾಯಿತು. ಹೊಗೆಸೊಪ್ಪಿನ ಮನೆಗಳಲ್ಲಿ ಆ ದಿನಗಳು ಹೇಗಿರುತ್ತವೆ ಎಂದರೆ, ಬೆಳಗ್ಗೆ ಮುರಿದ ಹಸಿ ಸೊಪ್ಪನ್ನು ಹೆಂಗಸರು ಬ್ಯಾರನ್ನಿನ ಮುಂದಿನ ಚಪ್ಪರದಲ್ಲಿ ಕೂತು ದಾರದಲ್ಲಿ ಕೋಲಿಗೆ ಕಟ್ಟುತ್ತಾರೆ. ಕಟ್ಟಿದ ಕೋಲುಗಳನ್ನು ಗಂಡಸರು ಬ್ಯಾರನ್ನಿನೊಳಗೆ ಮೇಲಿನಿಂದ ಕೆಳಗಿನವರೆಗೆ ಅಡ್ಡ ಹಾಕಿರುವ ಗಳಗಳ ಮೇಲೆ ಜೋಡಿಸುತ್ತಾರೆ. ಹಸಿ ಸೊಪ್ಪಿನ ಅಂಟು ಕೈಗೆ ಹತ್ತಿದರೆ ಕಾಡಿಗೆಯ ಹಾಗೆ ಕಪ್ಪು, ಬೇವಿಗಿಂತ ಕಹಿ. ಎಷ್ಟು ತಿಕ್ಕಿ ತೊಳೆದರೂ ಪೂರಾ ಹೋಗುವುದಿಲ್ಲ. ಆ ಕೈಯಲ್ಲಿ ಊಟ ಮಾಡುವ ಹಾಗಿಲ್ಲ, ಫೋನು ಮುಟ್ಟಿದರೆ ಅದೂ ಮಾತು ಕೇಳುವುದಿಲ್ಲ. ಅದಕ್ಕೆ ಕಟ್ಟುವ ದಿನಗಳಲ್ಲಿ ಕೈ ಶುದ್ಧ ಇರುವವರು ಅಂಟಿನ ಕೈಯವರಿಗೆ ತುತ್ತು ಮಾಡಿ ಬಾಯಿಗೆ ಇಡುವುದು ರೂಢಿ. ಮದುವೆಯಾದಾಗಿನಿಂದಲೂ ರಾಣಿಗೆ ತುತ್ತಿಡುವುದು ಕನಕರಾಜುವೇ. ಎಲ್ಲರೆದುರು, "ದೊಡ್ಡ ಬಾಯಿ, ಸಣ್ಣ ತುತ್ತು ಸಾಲಕಿಲ್ಲ" ಎಂದು ಅಣಕಿಸುತ್ತಲೇ ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ, ಖಾರವಾದರೆ ಊದಿ ಕೊಡುತ್ತಿದ್ದ. ಅವಳೂ ನಕ್ಕು ನುಂಗುತ್ತಿದ್ದಳು. ಇದನ್ನೂ ಹೇಳದೆ ಬರೀ ಅವನ ಕೆಟ್ಟದ್ದನ್ನು ಹೇಳಿದರೆ ತಪ್ಪಾಗುತ್ತದೆ.

ಆ ಸಲದ ಮೊದಲ ಬ್ಯಾರನ್ ತುಂಬುವ ದಿನ ಯತೀಶ್ ಫೋನು ಹಿಡಿದು ಬಂದ. ಕನಕರಾಜು ಹೆಂಡತಿಯ ಪಕ್ಕ ಕೂತು ಅವಳ ಮಣಿಕಟ್ಟು ಹಿಡಿದು ಎತ್ತಿ ತೋರಿಸಿದ. "ನೋಡಿ ಸ್ವಾಮಿ, ಮದ್ವೇಲಿ ಮುಖ ಒಂದು ಬಣ್ಣ, ಕೈ ಒಂದು ಬಣ್ಣ ಇತ್ತು. ಈಗ ಎಲ್ಡೂ ಮ್ಯಾಚಿಂಗು."

ರಾಣಿ ಇಷ್ಟು ವರ್ಷ ಸುಮ್ಮನಿದ್ದವಳು ಅಂದು ತಲೆ ಎತ್ತದೆ, ಕೈಯಲ್ಲಿನ ದಾರ ಬಿಡದೆ, ಸೊಪ್ಪು ಎಣಿಸುವ ದನಿಯಲ್ಲೇ ಹೇಳಿದಳು. "ನನ್ ಕೈ ಕಪ್ಪಾಗಿರದು ಸೊಪ್ಪು ಕಟ್ಟಿ. ನಿಮ್ ಕೈ ಬೆಳ್ಳಗಿರದು ಏನೂ ಕಟ್ಟದೆ. ಊರಿಗೆಲ್ಲ ತೋರಿಸ್ತಿದ್ದೀರಲ್ಲ, ಯಾವ ಕೈ ದುಡಿದದ್ದನ್ನ ಉಣ್ತಾ ಇದ್ದೀರಿ ಅಂತನೂ ತೋರ್ಸಿ."

ಚಪ್ಪರವೇ ಕಿತ್ತುಹೋಗುವಂತೆ ಹೆಂಗಸರು ನಕ್ಕರು. ಕೆಲಸಕ್ಕೆ ಕೆಲಸ ಎಂದು ಮುಯ್ಯಾಳಾಗಿ ಬಂದಿದ್ದ ಪಕ್ಕದ ಮನೆಯ ಚಿಕ್ಕಬಸಮ್ಮ ಕಟ್ಟುತ್ತಿದ್ದ ಕೋಲು ಬಿಟ್ಟು ಹೊಟ್ಟೆ ಹಿಡಿದುಕೊಂಡಳು. ಬಾಗಿಲಲ್ಲಿ ನಿಂತ ನಂಜಯ್ಯ ಕೂಡ, ಎಂದೂ ನಗದ ಮುದುಕ, ಟವೆಲಿನಿಂದ ಮೂತಿ ಒರೆಸಿಕೊಂಡ. ಕನಕರಾಜುವೂ ಹಲ್ಲು ಬಿಟ್ಟ. ಅದನ್ನು ಹಾಕಬೇಡ ಎಂದು ಯತೀಶನಿಗೆ ಹೇಳಬೇಕು ಎಂದುಕೊಳ್ಳುವಷ್ಟರಲ್ಲಿ ಅವನು ಹಾಕಿ ಆಗಿತ್ತು.

ಎಮ್ಮೆಯ ವಿಡಿಯೊ ತಿಂಗಳಲ್ಲಿ ಓಡಿದ ದೂರವನ್ನು ಇದು ಒಂದೇ ರಾತ್ರಿಯಲ್ಲಿ ಓಡಿತು. ಬೆಳಗ್ಗೆ ಎದ್ದರೆ ಎಲ್ಲರೂ ಕೇಳುವುದು ಒಂದೇ, ಅಕ್ಕ ಎಲ್ಲಿ, ಅಕ್ಕನನ್ನು ತೋರಿಸಿ. ಅಣ್ಣನನ್ನು ಕೇಳಿದವರು ಯಾರೂ ಇಲ್ಲ. ಯತೀಶ್ ಮತ್ತು ಹತ್ತನೇ ಕ್ಲಾಸಿನಲ್ಲಿದ್ದ ಕನಕರಾಜುವಿನ ಮಗಳು ಪುಟ್ಟಿ ಸೇರಿಕೊಂಡು ರಾಣಿಯ ಫೋನಿನಲ್ಲೇ ಅವಳದೊಂದು ಪುಟ ಮಾಡಿಬಿಟ್ಟರು, "ರಾಣಕ್ಕನ ಚಪ್ಪರ" ಎಂದು. ರಾಣಿ ಅದಕ್ಕಾಗಿ ಸೀರೆ ಬದಲಿಸಲಿಲ್ಲ, ಪೌಡರ್ ಹಾಕಲಿಲ್ಲ. ಕಟ್ಟುತ್ತಾ ಕೂತಲ್ಲೇ ಮಾತಾಡುತ್ತಿದ್ದಳು. ಹರಾಜು ಕಟ್ಟೆಯಲ್ಲಿ ಸೊಪ್ಪಿನ ಮೂಟೆಗೆ ಮೂಗಿಟ್ಟು ಗ್ರೇಡ್ ಹೇಳುವ ಗಂಡಸರಿಗೆ ಮನೆಯ ಸಾರಿಗೆ ಉಪ್ಪು ಸಾಲದ್ದು ಮಾತ್ರ ತಟ್ಟೆಗೆ ಬಿದ್ದ ಮೇಲೆ ಗೊತ್ತಾಗುವ ಬಗೆ, ಗಂಡ ಒಂದು ದಿನ ಕಸ ಗುಡಿಸಿದರೆ ಊರಿಗೆಲ್ಲ ಡಂಗುರ ಸಾರುವ ಬಗೆ, ಇಂಥವೇ. ಕನಕರಾಜು ಪದಗಳನ್ನು ಉರು ಹೊಡೆದು, ಎಂಟು ಸಲ ಹಿಡಿಸಿ, ನಗು ಬರಿಸುತ್ತಿದ್ದ. ಇವಳಿಗೆ ಅದು ಸುಮ್ಮನೆ ಬರುತ್ತಿತ್ತು. ಅದನ್ನು ನೋಡಿ ಅವನ ಹೊಟ್ಟೆಯಲ್ಲಿ ಬ್ಯಾರನ್ನಿನ ಒಲೆಯೇ ಹೊತ್ತಿಕೊಂಡಿತು.

ಊಟದ ಹೊತ್ತಿಗೆ ಅವನು ಬೇರೆ ರಾಗ ತೆಗೆದ. ಮನೆಯ ಹೆಣ್ಣುಮಕ್ಕಳು ಕಂಡಕಂಡವರ ಫೋನಿನಲ್ಲಿ ಹಲ್ಲು ಕಿಸಿಯುವುದು ಮರ್ಯಾದಸ್ತರ ಲಕ್ಷಣ ಅಲ್ಲ ಎಂದ. ಅಪ್ಪ ಏನಾದರೂ ಹೇಳಲಿ ಎಂದು ನಂಜಯ್ಯನ ಮುಖ ನೋಡಿದ. ನಂಜಯ್ಯ ಹುರುಳಿ ಸಾರು ಸುರಿದುಕೊಳ್ಳುತ್ತಿದ್ದ. ಮಾತು ಬಂದದ್ದು ಚಿಕ್ಕಬೀರಮ್ಮನಿಂದ.

"ನೀನು ಎಮ್ಮೆ ಅಂದಾಗ ಎಲ್ಲಿ ಮೇಯಕ್ಕೋಗಿತ್ಲಾ ಈ ಮರ್ವಾದೆ?"

"ನೀನೂ ನಗ್ತಿದ್ದಲ್ಲವ್ವ ಆಗ."

"ನಗ್ತಿದ್ದೆ. ನನ್ ಮಗ ಅಂತ ನಗ್ತಿದ್ದೆ. ಈಗ ನಗು ಬತ್ತದೆ ಅಂತ ನಗ್ತೀನಿ."

ಕನಕರಾಜು ಮುದ್ದೆ ಅರ್ಧಕ್ಕೆ ಬಿಟ್ಟು ಎದ್ದ. ತಾಯಿಯ ನಗುವಿನಲ್ಲೂ ಎರಡು ದರ್ಜೆ ಇದ್ದವು ಎಂಬುದು ಅವನಿಗೆ ಅಂದೇ ತಿಳಿದದ್ದು.

ವಿಡಿಯೊ ಓಡಿದ ಮೇಲೆ ಅದರ ಕೆಳಗೆ ಕಾಮೆಂಟು ಬಿದ್ದೇ ಬೀಳುತ್ತವೆ. ಚಪ್ಪರದಲ್ಲಿ ಎಲ್ಲರದೂ ಅಂಟಿನ ಕೈ, ಅದಕ್ಕೆ ಪುಟ್ಟಿ ಸ್ಕೂಲಿನಿಂದ ಬಂದು ಚೀಲ ಇಟ್ಟವಳೇ ಅಮ್ಮನ ಫೋನು ಹಿಡಿದು ಎಲ್ಲರಿಗೂ ಕೇಳುವಂತೆ ಓದುತ್ತಿದ್ದಳು. ಒಳ್ಳೆಯವೂ ಇದ್ದವು, ಹೊಲಸೂ ಇದ್ದವು. ಮುಚ್ಕೊಂಡು ಪಾತ್ರೆ ಉಜ್ಜು ಎನ್ನುವವನು ಒಬ್ಬ, ಇವಳ ಗಂಡ ಗಂಡಸೇ ಅಲ್ಲ ಎನ್ನುವವನು ಒಬ್ಬ, ಬಾಯಲ್ಲಿ ಆಡಲಾಗದ್ದನ್ನು ಬರೆಯುವವರು ಹಲವರು. ಮೊದಲ ದಿನ ಪುಟ್ಟಿ ಅಂಥದ್ದು ಬಂದಾಗ ಮುಖ ಕೆಂಪು ಮಾಡಿಕೊಂಡು, ಇದು ಬೇಡಮ್ಮ ಎಂದು ದಾಟಿಸಿದಳು.

"ಬ್ಯಾಡ ಯಾಕೆ? ಓದು" ಎಂದಳು ರಾಣಿ. "ಬರೆಯೋನಿಗೆ ಬರದಿರೋ ನಾಚ್ಕೆ ಓದೋಳಿಗೆ ಯಾಕೆ ಬರಬೇಕು? ಒಂದನ್ನೂ ಬಿಡದೆ ಓದು."

ಅಂದಿನಿಂದ ಅದೇ ಕಟ್ಟಳೆಯಾಯಿತು. ಕೆಟ್ಟ ಕಾಮೆಂಟು ಬಂದರೆ ಹೆಂಗಸರು ಒಬ್ಬೊಬ್ಬರಾಗಿ ಉತ್ತರ ಕಟ್ಟುವರು. ಯಾರದು ಚುರುಕೋ ಅದನ್ನು ಪುಟ್ಟಿ ಬರೆದು ಹಾಕುವಳು. ಬೈಗುಳ ಹೆಚ್ಚಿದಷ್ಟೂ ಕೆಲಸ ಬೇಗ ಮುಗಿಯುತ್ತಿತ್ತು.

ಕನಕರಾಜು ಈ ನಗುವನ್ನೆಲ್ಲ ಬ್ಯಾರನ್ನಿನ ಹಿಂದೆ ಸೌದೆ ಜೋಡಿಸುತ್ತಾ ಕೇಳಿಸಿಕೊಂಡ. "ಕನಕನ ಕಾಮಿಡಿ" ತೆರೆದು ನೋಡಿದರೆ ಕೊನೆಯ ವಿಡಿಯೊದ ಕೆಳಗೆ ಒಬ್ಬನೇ ಒಬ್ಬ ಬರೆದಿದ್ದ, ರಾಣಕ್ಕನ ಗಂಡ ನೀವೇನಾ ಎಂದು. ಆ ಪ್ರಶ್ನೆ ಅವನನ್ನು ಕೊರೆಯಿತು. ಅಂದು ಸಂಜೆ ಅವನು ಬೇರೆ ಹೆಸರಿನಲ್ಲಿ ಒಂದು ಖಾತೆ ತೆರೆದ. ಹೆಸರು "ಹಳ್ಳಿ ಹುಲಿ". ಹಾಕಿದ ಫೋಟೊ ಮೀಸೆಯದು, ಬರೀ ಮೀಸೆಯದು. ಹೆಂಡತಿಯ ವಿಡಿಯೊದ ಕೆಳಗೆ ಬರೆದ: ಇಷ್ಟು ಮಾತಾಡೋಳ ಮನೇಲಿ ಸಾರು ಹಳಸಿರ್ತದೆ.

ನಗುವ ಹಳದಿ ಮುಖಗಳು ಸಾಲಾಗಿ ಬಂದು ಕೂತವು. ಎಷ್ಟೋ ದಿನದ ಮೇಲೆ ತಾನು ಜನರನ್ನು ನಗಿಸಿದೆ ಎಂದು ಕನಕರಾಜುವಿಗೆ ಜೀವ ಬಂದ ಹಾಗಾಯಿತು. ಆದರೆ ಮಾರನೆಯ ಸಂಜೆ ಪುಟ್ಟಿ ಅದನ್ನು ಚಪ್ಪರದಲ್ಲಿ ಓದಿದಳು, ರಾಣಿ ಉತ್ತರ ಕೊಟ್ಟಳು. "ಹಳಸಿದೆ ಅಂತ ಉಂಡೋನಿಗೆ ತಾನೆ ಗೊತ್ತಾಗದು. ಯಾರ ಮನೇಲಿ ಉಂಡ್ಯಪ್ಪ ಹುಲಿಯಪ್ಪ, ತಟ್ಟೆಯಾರ ತೊಳ್ದಿಟ್ಟು ಹೋದ್ಯಾ?" ಹುಲಿಗೆ ಬಿದ್ದ ನಗುವಿನ ಹತ್ತರಷ್ಟು ಇದಕ್ಕೆ ಬಿತ್ತು. ಗಂಡನಾಗಿಯೂ ಸೋತಿದ್ದ, ಈಗ ಹುಲಿಯಾಗಿಯೂ ಸೋತ.

ಅವನು ಬಿಡಲಿಲ್ಲ. ದಿನಾ ಒಂದು ಬರೆದ. ಹೆಂಗಸರಿಗೂ ಅದು ರುಚಿ ಹತ್ತಿತು. ಪುಟ್ಟಿ ಬಂದೊಡನೆ ಚಿಕ್ಕಬಸಮ್ಮ, ಹುಲಿ ಇವತ್ತು ಬಂದಿತ್ತೇನವ್ವ ಎಂದು ಕೇಳುವಳು. ಕನಕರಾಜುವಿಗಾಗಿ ಮನೆಯಲ್ಲಿ ಯಾರೂ ಹಾಗೆ ಕಾದು ಕೂತದ್ದಿಲ್ಲ. ತಾನೇ ಸೃಷ್ಟಿಸಿದ ಹುಲಿಯ ಮೇಲೆ ಅವನಿಗೆ ಹೊಟ್ಟೆಕಿಚ್ಚಾಯಿತು ಎಂದರೆ ನಂಬುವುದು ಕಷ್ಟ, ಆದರೆ ಆಯಿತು.

ಒಂದು ದಿನ ಹುಲಿ ಮಿತಿ ಮೀರಿ ಬರೆಯಿತು. ಗಂಡ ಅನ್ನೋನು ಕಪಾಳಕ್ಕೆ ಎರಡು ಬಿಟ್ಟಿದ್ದರೆ ಈ ಬಾಯಿ ಎಂದೋ ಮುಚ್ಚುತ್ತಿತ್ತು ಎಂದು. ಬ್ಯಾರನ್ನಿನ ಹಿಂದೆ ನಿಂತು ಅವನು ಉತ್ತರಕ್ಕೆ ಕಿವಿ ಕೊಟ್ಟ. ಈ ಸಲ ರಾಣಿ ತಮಾಷೆ ಮಾಡಲಿಲ್ಲ.

"ಬರ್ಕ ಪುಟ್ಟಿ. ನನ್ ಗಂಡ ಒಂದಿನಾನೂ ನನ್ ಮೇಲೆ ಕೈ ಎತ್ದೋನಲ್ಲ. ಬಾಯಲ್ಲಿ ಏನೋ ಅಂತಾನೆ, ಆಮ್ಯಾಕೆ ತುತ್ತು ಮಾಡಿ ತಿನ್ನಿಸ್ತಾನೆ. ಅವ್ನ ಉಗುರಿಗೂ ನೀನು ಸಮ ಇಲ್ಲ. ಅವ್ನ ಸುದ್ದಿಗೆ ಬರಬ್ಯಾಡ."

ಯಾವ ಗಂಡಸಾದರೂ ಅಲ್ಲಿಗೆ ನಿಲ್ಲಿಸುತ್ತಿದ್ದ. ಕನಕರಾಜುವಿಗೂ ಕಣ್ಣು ಮಂಜಾಯಿತು, ಇವತ್ತೇ ಆ ಖಾತೆ ಅಳಿಸುತ್ತೇನೆ ಎಂದುಕೊಂಡ. ಆದರೆ ಸಂಜೆ ಟೀ ಅಂಗಡಿಯಲ್ಲಿ ಯತೀಶ್ ಆ ಉತ್ತರವನ್ನೇ ಜೋರಾಗಿ ಓದಿ, ಅಕ್ಕ ಅಂದರೆ ಅಕ್ಕ ಎಂದು ತಲೆದೂಗಿದ. ಬೆಂಚಿನ ಮೇಲಿದ್ದವರೆಲ್ಲ ತಲೆದೂಗಿದರು. ಅವನ ಕಣ್ಣು ತಾನಾಗಿ ಒಣಗಿತು. ಖಾತೆ ಉಳಿಯಿತು.

ಶ್ರಾವಣ ಮುಗಿಯುವ ಹೊತ್ತಿಗೆ ಕೃಷ್ಣರಾಜನಗರ ತಾಲ್ಲೂಕಿನ ಭೇರ್ಯದಿಂದ ಗಣಪತಿ ಕೂರಿಸುವ ಯುವಕರು ಬಂದರು. ಅವರ ಮುಂದಾಳು ವಿರೂಪಾಕ್ಷ. ಮೂರು ವರ್ಷದಿಂದ ಕನಕರಾಜು ಇದೇ ವಿರೂಪಾಕ್ಷನಿಗೆ ಫೋನು ಮಾಡಿ, ನಿಮ್ಮ ವೇದಿಕೆಯಲ್ಲಿ ನನಗೊಂದು ಅವಕಾಶ ಕೊಡಿ ಎಂದು ಕೇಳುತ್ತಾ ಬಂದಿದ್ದ. ಬೈಕಿನ ಸದ್ದು ಕೇಳಿ ಅವನು ಇಸ್ತ್ರಿ ಅಂಗಿ ಹಾಕಿಕೊಂಡು ಬಂದು ಜಗಲಿಯಲ್ಲಿ ಕೂತ. ವಿರೂಪಾಕ್ಷ ಕೈ ಮುಗಿದು, ಅಕ್ಕ ಇಲ್ಲವಾ ಅಣ್ಣ ಎಂದ. ಅಕ್ಕನನ್ನು ವೇದಿಕೆಗೆ ಕರೆಯಲು ಬಂದಿದ್ದರು. ಎಲ್ಲ ಮಾತಾದ ಮೇಲೆ ಹೊರಡುವಾಗ, "ನೀವೂ ಬನ್ನಿ ಅಣ್ಣ, ಅಕ್ಕನ್ನ ಕರ್ಕಂಡು ಬಂದು ಕರ್ಕಂಡು ಹೋಗಕ್ಕೆ ಒಬ್ರು ಬೇಕಲ್ಲ" ಎಂದ.

ಅವರು ಹೋದ ಮೇಲೆ ರಾಣಿ ಗಂಡನ ಪಕ್ಕ ಬಂದು ಕೂತಳು. ಅವಳ ಮುಖದಲ್ಲಿ ಹೆದರಿಕೆ ಇತ್ತು, ಆಸೆಯೂ ಇತ್ತು. "ನಂಗೆ ಒಬ್ಳೇ ನಿಲ್ಲಕ್ಕಾಗಲ್ಲ. ಇಬ್ರೂ ನಿಂತ್ಕಳನ ರೀ. ನೀವು ಒಂದು ಅನ್ನಿ, ನಾನೊಂದು ಅಂತೀನಿ. ಮೊದಲ್ನೇ ದಿನ ಚಪ್ಪರದಲ್ಲಿ ಅಂದ್ವಲ್ಲ, ಅಂಗೆ."

ಅವನು ಹೂಂ ಎಂದಿದ್ದರೆ ಈ ಕಥೆ ಇರುತ್ತಿರಲಿಲ್ಲ. "ನಿನ್ನ ಬಾಲ ಇಡ್ಕಂಡು ವೇದಿಕೆ ಹತ್ತೋ ಗತಿ ನಂಗಿನ್ನೂ ಬಂದಿಲ್ಲ" ಎಂದು ಎದ್ದು ಹೋದ.

ಮರುದಿನ ಭಾನುವಾರ. ಬೆಳಗ್ಗೆ ಟೀ ಅಂಗಡಿಯಲ್ಲಿ ಆಗಲೇ ಭೇರ್ಯದ ಸುದ್ದಿ ತಲುಪಿತ್ತು. ಊರಿಗೇ ಹೆಮ್ಮೆ ಕನಕ ಎಂದು ಒಬ್ಬರು ಅವನ ಬೆನ್ನು ತಟ್ಟಿದರು. ತಟ್ಟಿದ ಬೆನ್ನು ಉರಿಯಿತು. ಟೀ ಆರುತ್ತಿರಲಿ ಎಂದು ಬಿಟ್ಟು ಅವನು ಫೋನು ತೆಗೆದು ಬರೆದ: ವೇದಿಕೆ ಹತ್ತುತ್ತಾಳಂತೆ, ಹತ್ತಲಿ. ಅವಳ ಬೆನ್ನಿನ ಬಲಗಡೆ ಅಂಗೈ ಅಗಲ ಸುಟ್ಟ ಕಲೆ ಇದೆ, ರವಿಕೆ ಬಿಚ್ಚಿದರೆ ಕಾಣ್ತದೆ. ನಾನು ಕಂಡಿದ್ದೀನಿ. ಇನ್ನೇನೇನು ಕಂಡಿದ್ದೀನಿ ಅಂತ ಕೇಳಿ.

ಆ ಕಲೆಯ ಕಥೆ ಇಷ್ಟು. ಪುಟ್ಟಿ ಹುಟ್ಟುವ ಮುಂಚೆ ಒಂದು ಸಲ, ಬೇಯುತ್ತಿದ್ದ ಬ್ಯಾರನ್ನಿನಲ್ಲಿ ಒಂದು ಕೋಲು ಜಾರಿ, ಒಲೆಯ ಬಿಸಿ ಹಾಯಿಸುವ ಕೆಳಗಿನ ಕಾದ ಕೊಳವೆಯ ಮೇಲೆ ಬಿತ್ತು. ಒಣಗಿದ ಸೊಪ್ಪಿಗೆ ಕಿಡಿ ತಗುಲಿದರೆ ಕ್ಷಣದಲ್ಲಿ ಬ್ಯಾರನ್ನೇ ಬೂದಿ. ಒಲೆ ಕಾಯಬೇಕಿದ್ದ ಕನಕರಾಜು ಯಾರದೋ ಮದುವೆಯಲ್ಲಿ ನಗಿಸುತ್ತಾ ಕೂತಿದ್ದ. ರಾಣಿ ಗೋಣಿಚೀಲ ಹೊದ್ದು ಒಳನುಗ್ಗಿ ಕೋಲು ಎಳೆದಳು, ಬೆನ್ನು ಕೊಳವೆಗೆ ಅಂಟಿತು. ಆ ವರ್ಷದ ಬದುಕು ಉಳಿಯಿತು. ಚಿಕ್ಕಬೀರಮ್ಮ ತಿಂಗಳುಗಟ್ಟಲೆ ಎಣ್ಣೆ ಸವರಿದಳು. ಕನಕರಾಜು ಆ ಬೆನ್ನಿಗೆ ಹಣೆಯಿಟ್ಟು ಅತ್ತಿದ್ದ.

ಟೀ ಕುಡಿದು ಮುಗಿಯುವಷ್ಟರಲ್ಲಿ ಕೆಳಗೆ ಹಳದಿ ಮುಖಗಳು ಬಿದ್ದಿದ್ದವು. ಹೇಳು ಹುಲಿ ಹೇಳು, ಇನ್ನೇನು ಕಂಡೆ ಎಂದು ಯಾರು ಯಾರೋ ಕೇಳುತ್ತಿದ್ದರು. ಒಬ್ಬ ರಾಣಿಯ ಬೆನ್ನಿನ ಬಗ್ಗೆ ತಾನೂ ಒಂದು ಬರೆದಿದ್ದ. ಅದನ್ನು ಓದಿ ಕನಕರಾಜು ಬೆಂಚಿನಿಂದ ಎದ್ದುಬಿಟ್ಟ. ತನ್ನ ಹೆಂಡತಿಯ ಮೈ ಬಗ್ಗೆ ಗುರುತಿಲ್ಲದವನೊಬ್ಬ ಬಾಯಿ ಚಪ್ಪರಿಸುತ್ತಿದ್ದಾನೆ, ಬಡಿಸಿದವನು ತಾನೇ. ಅಳಿಸಬೇಕು ಎಂದು ಮನೆಯತ್ತ ಓಡುವ ಹಾಗೆ ನಡೆದ. ನಡೆಯುತ್ತಾ ಫೋನಿನಲ್ಲಿ ಹುಡುಕಿದ, ಹುಡುಕುವಷ್ಟರಲ್ಲಿ ಇನ್ನಷ್ಟು ಬಿದ್ದು ಅವನದು ಕೆಳಗೆಲ್ಲೋ ಹೋಯಿತು. ಬಾಗಿಲಲ್ಲೇ ನಂಜಯ್ಯ ಕಾಯುತ್ತಿದ್ದ. ಸೊಪ್ಪು ಬಾಡುತ್ತಿದೆ, ಹತ್ತು ಮೇಲಕ್ಕೆ ಎಂದ. ಐದು ನಿಮಿಷ ಅಪ್ಪ ಎಂದರೆ ಮುದುಕ ಕೇಳಲಿಲ್ಲ. ಒಂದು ಸುತ್ತು ಏರಿಸಿ ಇಳಿದು ಅಳಿಸುತ್ತೇನೆ ಎಂದುಕೊಂಡು ಅವನು ಬ್ಯಾರನ್ ಹತ್ತಿದ.

ಬ್ಯಾರನ್ನಿನೊಳಗೆ ಮೇಲೆ ನಿಲ್ಲುವವನು ಎರಡು ಗಳಗಳ ಮೇಲೆ ಒಂದೊಂದು ಕಾಲು ಊರಿ, ಕಾಲಗಲಿಸಿ ನಿಂತಿರಬೇಕು. ಕೆಳಗಿನಿಂದ ಕೋಲು ಬರುತ್ತದೆ, ಬಾಗಿ ತೆಗೆದುಕೊಂಡು ಜೋಡಿಸಬೇಕು. ಮೊದಲ ಕೋಲಿಗೇ ಅವನ ಎರಡೂ ಕೈ ಅಂಟು. ನಡುವೆ ಒಂದು ಸಲ ಜೇಬಿನಿಂದ ಫೋನು ತೆಗೆದ. ಬೆರಳು ಎಳೆದರೆ ಕಪ್ಪು ಗೆರೆ ಬಿತ್ತೇ ಹೊರತು ಫೋನು ಅಲುಗಲಿಲ್ಲ. ಅಂಗಿಗೆ ಬೆರಳು ಒರೆಸಿ ಮತ್ತೆ ಎಳೆದ. ಕೆಳಗಿನಿಂದ ಕೋಲು ಬಂತು.

ಅಷ್ಟರಲ್ಲಿ ಹೊರಗೆ ಚಪ್ಪರದಲ್ಲಿ, ಹುಲಿ ಬಂತೇನವ್ವ ಎಂದು ಚಿಕ್ಕಬಸಮ್ಮ ಕೇಳಿದ್ದು ಅವನ ಕಿವಿಗೆ ಬಿತ್ತು. ಬಂದಿದೆ ಎಂದಳು ಪುಟ್ಟಿ.

ಅವಳು ಓದತೊಡಗಿದಳು. ಸ್ಕೂಲಿನಲ್ಲಿ ಪಾಠ ಓದುವ ಸ್ಪಷ್ಟ ದನಿ. ಅಂಗೈ ಅಗಲ ಸುಟ್ಟ ಕಲೆ ಎನ್ನುವಲ್ಲಿ ದನಿ ಸಣ್ಣದಾಯಿತು. ನಿಲ್ಲಿಸಿದಳು. ಅಮ್ಮನ ಕಟ್ಟಳೆ ನೆನಪಾಗಿ ಉಳಿದದ್ದನ್ನೂ ಓದಿದಳು, ರವಿಕೆಯನ್ನೂ, ಇನ್ನೇನೇನು ಕಂಡಿದ್ದೀನಿ ಎಂಬುದನ್ನೂ. ಅವನು ತನ್ನ ಮಾತನ್ನು ತನ್ನ ಮಗಳ ಬಾಯಲ್ಲಿ ಕೇಳುತ್ತಾ, ಮೇಲೂ ಹತ್ತಲಾರದೆ ಕೆಳಗೂ ಇಳಿಯಲಾರದೆ, ಕಾಲಗಲಿಸಿ ನಿಂತಿದ್ದ.

ದಾರ ಎಳೆಯುವ ಸದ್ದು ನಿಂತಿತು. ಚಿಕ್ಕಬಸಮ್ಮ, "ಯಾವನವ್ವ ರಾಣಿ ಅವ್ನು, ನಿನ್ ಬೆನ್ನು ಕಂಡೋನು?" ಎಂದಳು. ಕೇಳಿದ ರೀತಿಯಲ್ಲೇ ಅನುಮಾನ ಇತ್ತು.

ರಾಣಿ ಅಂಟಿನ ಕೈಯಲ್ಲೇ ಸೆರಗು ಎಳೆದು ಬೆನ್ನು ಮುಚ್ಚಿಕೊಂಡಳು. ಕನಕರಾಜು ಅಲ್ಲಿಂದಲೇ, ನಾನು ಕಣ್ರೇ ಎಂದು ಕೂಗಿಬಿಡಬೇಕಿತ್ತು. ಕೂಗಲಿಲ್ಲ. ಹೆಂಡತಿಯ ಮಾನ ಚಪ್ಪರದ ನಡುವೆ ಬಿದ್ದಿರುವಾಗಲೂ ಅವನು ತನ್ನ ಮಾನ ಹಿಡಿದುಕೊಂಡು ನಿಂತ.

ಮಾತಾಡಿದವಳು ಚಿಕ್ಕಬೀರಮ್ಮ. ಅವಳ ದನಿ ಏರಲಿಲ್ಲ.

"ಆ ಕಲೆ ಕಂಡೋರು ಮೂರೇ ಜನ ಕಣವ್ವ. ಎಣ್ಣೆ ಹಚ್ಚಿದೋಳು ನಾನು, ನಂಗೆ ಬರೆಯಕ್ಕೆ ಬರಾಕಿಲ್ಲ. ಬೆನ್ನು ಉಜ್ಜೋಳು ಈ ಮಗು, ಓದ್ತಾ ಕೂತದೆ. ಇನ್ನೊಬ್ಬ ಬ್ಯಾರನ್ ಒಳಗೆ ನಿಂತವ್ನೆ."

ಪುಟ್ಟಿ ಫೋನನ್ನು ಸೊಪ್ಪಿನ ರಾಶಿಯ ಮೇಲೆ ಇಟ್ಟು ಎದ್ದು ಹೋದಳು. ತೊಟ್ಟಿಯ ಹತ್ತಿರ ಕೈ ತೊಳೆಯುತ್ತಿದ್ದ ಸದ್ದು ಬಹಳ ಹೊತ್ತು ಕೇಳಿಸಿತು. ಅವಳ ಕೈಗೆ ಅಂಟೇನೂ ಹತ್ತಿರಲಿಲ್ಲ.

ಕಟ್ಟಿದ ಸೊಪ್ಪನ್ನು ಅಂದೇ ಏರಿಸಬೇಕು, ಇಲ್ಲದಿದ್ದರೆ ಕೆಟ್ಟುಹೋಗುತ್ತದೆ. ಅದಕ್ಕೆ ಯಾರ ಮನೆಯ ದುಃಖವೂ ಲೆಕ್ಕಕ್ಕಿಲ್ಲ. ನಂಜಯ್ಯ ಮಗನ ಮುಖ ನೋಡದೆ ಮುಂದಿನ ಕೋಲು ಎತ್ತಿ, "ಇಡ್ಕ" ಎಂದ. ಹೊರಗೆ ದಾರದ ಸದ್ದು ಮತ್ತೆ ಶುರುವಾಯಿತು. ಒಂದು ಮಾತಿಲ್ಲದೆ, ಒಂದು ನಗುವಿಲ್ಲದೆ ಆ ಬ್ಯಾರನ್ ತುಂಬಿತು.

ಕನಕರಾಜು ಇಳಿದು ಬಂದು, ಸೋಪು ಹಚ್ಚಿ ಹಚ್ಚಿ ಕೈ ತೊಳೆದು, ತಟ್ಟೆಗೆ ಮುದ್ದೆ ಹಾಕಿಕೊಂಡು ರಾಣಿಯ ಮುಂದೆ ಕೂತ. ಬೇರೆ ಏನು ಮಾಡಬೇಕೋ ಅವನಿಗೆ ತೋಚಲಿಲ್ಲ. ತುತ್ತು ಮುರಿದು ಅವಳ ಬಾಯಿಯ ಹತ್ತಿರ ಹಿಡಿದ. ಅಂಟು ಹೋಗದ ಅವಳ ಎರಡೂ ಕೈ ಮಡಿಲಲ್ಲಿದ್ದವು. ಅವಳು ತುತ್ತನ್ನಲ್ಲ, ಅವನನ್ನು ನೋಡಿದಳು.

"ನಾನು ಹುಲಿ ಜತೆ ನಿಮ್ಮನ್ನ ವಹಿಸ್ಕಂಡು ಜಗಳ ಆಡ್ದೆ" ಎಂದಳು. ಆಮೇಲೆ ಮಗಳನ್ನು ಕರೆದಳು. ಪುಟ್ಟಿ ಬೇರೆ ತಟ್ಟೆ ತಂದು ಅಮ್ಮನಿಗೆ ತಿನ್ನಿಸಿದಳು. ಕನಕರಾಜುವಿನ ಕೈಯ ತುತ್ತು ಆರಿತು.

ಹುಲಿಯ ಖಾತೆ ಅಂದೇ ಅಳಿಯಿತು. ಜಗಳವಾಗುತ್ತದೆ, ತವರಿಗೆ ಹೋಗುತ್ತಾಳೆ, ಹಿರಿಯರ ಮುಂದೆ ಕೂರಿಸುತ್ತಾಳೆ ಎಂದು ಅವನು ದಿನ ದೂಡಿದ. ಏನೂ ಆಗಲಿಲ್ಲ. ರಾಣಿ ಹೊತ್ತಿಗೆ ಸರಿಯಾಗಿ ಬಡಿಸಿದಳು, ಸಾರು ಬೇಕಾ ಎಂದು ಕೇಳಿದಳು, ಬಟ್ಟೆ ಒಗೆದು ಮಡಿಸಿಟ್ಟಳು. ಅವನು ಚಪ್ಪರಕ್ಕೆ ಕಾಲಿಟ್ಟರೆ ಹೆಂಗಸರ ನಗು ತಟ್ಟನೆ ನಿಲ್ಲುತ್ತಿತ್ತು, ಅವನು ದಾಟಿದ ಮೇಲೆ ಮತ್ತೆ ಏಳುತ್ತಿತ್ತು. ಟೀ ಅಂಗಡಿಯಲ್ಲಿ ಯಾರೋ ಅವನ ಬೆನ್ನ ಹಿಂದೆ ಮೆಲ್ಲಗೆ ಗುರ್ ಎಂದರು, ಬೆಂಚೆಲ್ಲ ನಕ್ಕಿತು. ಹುಲಿಯ ಸಮಾಚಾರ ಅಲ್ಲಿಗೂ ಬಂದಿತ್ತು. ಯತೀಶ್ ಮಾತ್ರ ನಗದೆ ಮುಖ ತಿರುಗಿಸಿಕೊಂಡ.

ಭೇರ್ಯಕ್ಕೆ ರಾಣಿ ಅತ್ತೆಯನ್ನೂ ಮಗಳನ್ನೂ ಕರೆದುಕೊಂಡು ಯತೀಶನ ವ್ಯಾನಿನಲ್ಲಿ ಹೋದಳು. ಕನಕರಾಜು ಬ್ಯಾರನ್ನಿನ ಒಲೆಯ ಮುಂದೆ ಕೂತು ಸಂಜೆ ಫೋನಿನಲ್ಲಿ, ರಾಣಿಯ ಪುಟದಲ್ಲಿ, ಅದರ ಲೈವ್ ನೋಡಿದ. ರಾಣಿ ಅದೇ ಹಳೆಯ ಹಸಿರು ಸೀರೆಯಲ್ಲಿದ್ದಳು. ಮೊದಲು ದನಿ ನಡುಗಿತು, ಆಮೇಲೆ ಸರಿಯಾಯಿತು. ಅತ್ತೆಯನ್ನು ಎದುರಿಗೆ ಕೂರಿಸಿಕೊಂಡೇ ಅತ್ತೆಯನ್ನು ಅಣಕಿಸಿದಳು, ಹರಾಜಿನವರನ್ನು ಬಿಡಲಿಲ್ಲ, ತನ್ನ ತೂಕವನ್ನೂ ಬಿಡಲಿಲ್ಲ. ಜನ ಕುರ್ಚಿಯಿಂದ ಬೀಳುವಂತೆ ನಕ್ಕರು. ಕನಕರಾಜು ತನ್ನ ಸರದಿಗೆ ಕಾಯುತ್ತಿದ್ದ. ಇನ್ನು ನನ್ನನ್ನು ಹಿಡಿಯುತ್ತಾಳೆ, ಬೆಳ್ಳನೆಯ ಕೈ ಎನ್ನುತ್ತಾಳೆ, ಹುಲಿ ಎನ್ನುತ್ತಾಳೆ, ಅನ್ನಲಿ ಎಂದು ಅವನ ಜೀವ ಹಾತೊರೆಯಿತು. ಗುಂಪಿನಿಂದ ಒಬ್ಬ ಕೂಗಿ ಕೇಳಿದ, ಗಂಡನ ಬಗ್ಗೆ ಹೇಳಿ ಅಕ್ಕ ಎಂದು.

ರಾಣಿ, "ಅದು ಮುಗೀತು ಕಣಪ್ಪ" ಎಂದು ತಮ್ಮ ಊರಿನ ಬಸ್ಸಿನ ಕಥೆಗೆ ಹೋದಳು. ಜನ ಅದಕ್ಕೂ ನಕ್ಕರು.

ಅತ್ತೆಗೆ ಆ ನಗುವಿನಲ್ಲಿ ಪಾಲು ಸಿಕ್ಕಿತು, ಬಸ್ಸಿನ ಕಂಡಕ್ಟರಿಗೆ ಸಿಕ್ಕಿತು, ಅವನು ಟಿಕೆಟ್ ಕೇಳಿದ ಕೋಳಿಗೂ ಸಿಕ್ಕಿತು. ತನಗೆ ಸಿಗಲಿಲ್ಲ. ಕನಕರಾಜುವಿಗೆ ಕೋಳಿಯ ಮೇಲೆ ಹೊಟ್ಟೆಕಿಚ್ಚಾಯಿತು. ಅವನು ಒಲೆಗೆ ಸೌದೆ ತಳ್ಳಿ, ಕೈ ಒರೆಸಿಕೊಂಡು, ಆ ವಿಡಿಯೊದ ಕೆಳಗೆ ತನ್ನ ಸ್ವಂತ ಹೆಸರಿನಲ್ಲಿ, ತನ್ನ ಸ್ವಂತ ಫೋಟೊದ ಪಕ್ಕ ಬರೆದ: ರಾಣಿ, ಹುಲಿ ನಾನೇ. ತಪ್ಪಾಯ್ತು. ಎಲ್ಲಾರೂ ಓದ್ಲಿ ಅಂತಲೇ ಇಲ್ಲಿ ಬರೆದಿದ್ದೀನಿ. ಕನಕರಾಜು.

ಮಾರನೆಯ ದಿನ ಆ ವರ್ಷದ ಕೊನೆಯ ಮುರಿತ. ತುದಿಯ ಸಣ್ಣ ಎಲೆಗಳು. ಚಪ್ಪರದಲ್ಲಿ ಭೇರ್ಯದ ಮಾತೇ ಮಾತು. ಕನಕರಾಜು ಕೋಲು ತೆಗೆದುಕೊಳ್ಳುವ ನೆಪದಲ್ಲಿ ಬ್ಯಾರನ್ನಿನ ಬಾಗಿಲಲ್ಲಿ ನಿಂತ. ಪುಟ್ಟಿ ಸ್ಕೂಲಿನಿಂದ ಬಂದು ಚೀಲ ಇಟ್ಟು ಫೋನು ಕೈಗೆತ್ತಿಕೊಂಡಳು. ಮೈಸೂರಿನಿಂದ ಒಬ್ಬರು ಅಕ್ಕನಿಗೆ ದೃಷ್ಟಿ ತೆಗೆಯಿರಿ ಎಂದಿದ್ದರು, ಓದಿದಳು. ಬೈಲಕುಪ್ಪೆಯಿಂದ ಒಬ್ಬಳು ಸ್ವೆಟರ್ ಅಂಗಡಿಯಲ್ಲಿ ಕೂತು ನೋಡಿ ನಕ್ಕೆ ಎಂದಿದ್ದಳು, ಓದಿದಳು. ಹೆಣ್ಣಾದವಳಿಗೆ ವೇದಿಕೆ ಯಾಕೆ, ಒಲೆ ಹಚ್ಚಿಕೊಂಡು ಬಿದ್ದಿರು ಎಂದು ಒಬ್ಬ ಬರೆದಿದ್ದ, ಅದನ್ನೂ ಓದಿದಳು. ಒಲೆ ಹಚ್ಚಕ್ಕೆ ಬೆಂಕಿ ಕಡ್ಡಿ ಅವನೇ ತಂದುಕೊಡಲಿ ಎಂದು ಚಿಕ್ಕಬಸಮ್ಮ ಉತ್ತರ ಕಟ್ಟಿದಳು, ಎಲ್ಲರೂ ನಕ್ಕರು.

ಆಮೇಲೆ ಪುಟ್ಟಿ ತಡೆದಳು. ಫೋನಿನ ಮೇಲೆ ಅವಳ ಬೆರಳು ನಿಂತಿತು. ಬಾಗಿಲಲ್ಲಿದ್ದ ಅಪ್ಪನನ್ನು ಒಮ್ಮೆ ನೋಡಿದಳು, ಅಮ್ಮನತ್ತ ತಿರುಗಿದಳು. "ಅಮ್ಮ, ಇಲ್ಲಿ ಅಪ್ಪ..."

ರಾಣಿಯ ಕೈ ದಾರ ಸುತ್ತುತ್ತಲೇ ಇತ್ತು. ಅವಳು ತಲೆ ಎತ್ತಲಿಲ್ಲ.

"ಅದು ಬುಡು" ಎಂದಳು. "ಮುಂದಿಂದು ಓದು."